ವಿಂಬಲ್ಡನ್ ಗೆಲ್ಲದವರು, ಗೆಲ್ಲಿಸಿದವರು

ಸಾರ್, ಕುವೆಂಪುನಗರದಲ್ಲಿ ಮಗಳಿಗೆ ಟೆನಿಸ್ ಕಲಿಸೋ ಕೋಚ್ ತಾವೇ ದೊಡ್ಡ ಕಪ್ ಗೆದ್ದಿಲ್ಲ, ಬದಲಾಯಿಸಲಾ ಅಂತ ಕೇಳಿದ್ದೀರಿ. ಅವಸರ ಬೇಡ.

ಹಳೇ ಟೆನಿಸ್ ಚಾಂಪಿಯನ್ ಇವಾನ್ ಲೆಂಡ್ಲ್ ಅವರನ್ನೇ ನೋಡಿ. ಎಂಟು ಗ್ರ್ಯಾಂಡ್ ಸ್ಲಾಮ್ (ವಿಂಬಲ್ಡನ್ ಸೇರಿ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು) ಗೆದ್ದವರು, 270 ವಾರ ವಿಶ್ವದ ನಂಬರ್ ಒನ್. ಆದ್ರೂ ವಿಂಬಲ್ಡನ್ ದಕ್ಕಲೇ ಇಲ್ಲ. 1986, 1987 ಎರಡೂ ವರ್ಷ ಫೈನಲ್‌ನಲ್ಲಿ ಸೋತರು. ಅವರೇ ಕೋಚ್ ಆಗಿದ್ದಾಗ ಬ್ರಿಟನ್ನಿನ ಆಟಗಾರ ಆ್ಯಂಡಿ ಮರ್ರೆ 2013ರಲ್ಲಿ, ಮತ್ತೆ 2016ರಲ್ಲಿ ಅದೇ ವಿಂಬಲ್ಡನ್ ಎತ್ತಿದರು! ಇನ್ನೊಂದು ಮಜಾ: ಲೆಂಡ್ಲ್ ತಮ್ಮ ಮೊದಲ ನಾಲ್ಕು ಸ್ಲಾಮ್ ಫೈನಲ್ ಸೋತವರು, ಮರ್ರೆಯೂ ಹಾಗೇ. ಶಿಷ್ಯನ ಸಂಕಟ ಗುರುವಿಗೆ ಬಿಡಿಸಿ ಹೇಳಬೇಕಿರಲಿಲ್ಲ ಅಂತ ನನ್ನ ಲೆಕ್ಕ.

ಕೋಚ್ ಕಪಾಟಿನಲ್ಲಿ ಎಷ್ಟು ಕಪ್ ಇದೆ ಅನ್ನೋದು ಬಿಡಿ. ಒಂದು ವಾರ ಅಂಕಣದ ಪಕ್ಕ ಕೂತು, ಮಗು ಸೋತ ಸಂಜೆ ಅವರೇನು ಹೇಳ್ತಾರೆ ಕೇಳಿಸ್ಕೊಳ್ಳಿ.