ಸೂತ್ರ ಬಾಯಿಪಾಠ ಇದ್ದರೂ ಲೆಕ್ಕ ಯಾಕೆ ತಪ್ಪುತ್ತದೆ?

ಮಗಳು ಪಿಯುಸಿ ಸೈನ್ಸ್, ಸೂತ್ರ ಎಲ್ಲ ಬಾಯಿಗೆ ಬರುತ್ತದೆ, ಆದರೂ ವೆಕ್ಟರ್, ಬೀಜಗಣಿತ, ಸಂಖ್ಯಾಶಾಸ್ತ್ರದ ಹೋಂವರ್ಕಿನಲ್ಲಿ ಉತ್ತರ ತಪ್ಪುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಇಲ್ಲಿಗೆ ಬರುವ ಮಕ್ಕಳದ್ದೂ ಇದೇ ಕಥೆ. ಪ್ರಶ್ನೆ ಪೂರ್ತಿ ಓದುವ ಮೊದಲೇ ಪೆನ್ನು ಓಡುತ್ತಿರುತ್ತದೆ.

ವೆಕ್ಟರ್‌ಗೆ, ಅಂದರೆ ಅಳತೆಯ ಜೊತೆ ದಿಕ್ಕನ್ನೂ ನೋಡಬೇಕಾದ ಲೆಕ್ಕಕ್ಕೆ, ದೋಣಿ ಲೆಕ್ಕವನ್ನೇ ತಗೊಳ್ಳಿ. ನದಿ 1 ಕಿ.ಮೀ. ಅಗಲ, ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 5 ಕಿ.ಮೀ., ನೀರಿನದ್ದು 3. ದಾಟಲು ಎಷ್ಟು ಹೊತ್ತು? ಮಕ್ಕಳು ತಕ್ಷಣ 25ಕ್ಕೆ 9 ಕೂಡಿಸಿ, ವರ್ಗಮೂಲ ತೆಗೆದು, 5.8 ಅಂತ ಬರೆದು, 1 ಕಿ.ಮೀ.ಯನ್ನು ಅದರಿಂದ ಭಾಗಿಸುತ್ತಾರೆ. ತಪ್ಪು. ಮೂತಿ ನೇರ ಎದುರು ದಡಕ್ಕೆ ಇಟ್ಟರೆ ದಾಟಿಸುವುದು ಆ 5 ಮಾತ್ರ. 12 ನಿಮಿಷ ಸಾಕು, ಆದರೆ ಅಷ್ಟರಲ್ಲಿ ನೀರು ದೋಣಿಯನ್ನು 600 ಮೀಟರ್ ಕೆಳಕ್ಕೆ ಒಯ್ದಿರುತ್ತದೆ. 5.8 ಓರೆಯಾಗಿ ಸಾಗುವ ವೇಗ.

ಅದೇ ಪ್ರಶ್ನೆಯಲ್ಲಿ ‘ಸರಿಯಾಗಿ ಎದುರಿನ ಜಾಗಕ್ಕೇ ತಲುಪಬೇಕು’ ಅಂತ ಇದ್ದರೆ ಲೆಕ್ಕವೇ ಬೇರೆ. ನಮ್ಮ ಬಂದರಿನಿಂದ ನದಿಯಾಚೆಯ ಬೆಂಗ್ರೆಗೆ ಹೋಗುವ ಫೆರಿ ಹತ್ತಿಸಿ ನೋಡಿ. ನೀರಿನ ಸೆಳೆತ ಜಾಸ್ತಿ ಇದ್ದಾಗ ದೋಣಿಯ ಮೂತಿ ಹರಿವಿನ ಎದುರಿಗೆ ಸ್ವಲ್ಪ ವಾಲಲೇಬೇಕು. ಈ ಲೆಕ್ಕದಲ್ಲಿ ಆ ವಾಲು ಸುಮಾರು 37 ಡಿಗ್ರಿ. ಈಗ 5 ಕರ್ಣವಾಯಿತು, ದಾಟಿಸುವ ವೇಗ 4, ಸಮಯ 15 ನಿಮಿಷ. ಚಿತ್ರ ಬರೆದರೆ ಕರ್ಣ ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಚಿತ್ರ ಇಲ್ಲದ ವೆಕ್ಟರ್ ಲೆಕ್ಕವನ್ನು ನಾನಂತೂ ತಿದ್ದುವುದೇ ಇಲ್ಲ.

ಬೀಜಗಣಿತದಲ್ಲಿ ಎರಡೇ ಕಡೆ ಕಣ್ಣಿಡಿ. −2(x − 5) ಬಿಡಿಸಿದಾಗ ಕೊನೆಯಲ್ಲಿ +10 ಬರಬೇಕು, ಅರ್ಧ ಮಕ್ಕಳು −10 ಬರೆಯುತ್ತಾರೆ. ಇನ್ನೊಂದು, x² = 5x ಕಂಡ ಕೂಡಲೇ ಎರಡೂ ಕಡೆ x ಹೊಡೆದುಹಾಕಿ x = 5 ಅನ್ನುವುದು. x = 0 ಕೂಡ ಉತ್ತರ ಅಲ್ವಾ? ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಲಿ.

ಸಂಖ್ಯಾಶಾಸ್ತ್ರಕ್ಕೆ ಮೀನು ಸಾಕು. ಸುಮ್ನೆ ಲೆಕ್ಕಕ್ಕೆ ಐದು ಬಗೆಯ ಮೀನಿನ ಕಿಲೋ ದರ 150, 180, 200, 220, 900 ಅಂತಿಟ್ಟುಕೊಳ್ಳಿ, ಕೊನೆಯದು ದುಬಾರಿ ಮೀನು ಅಂಜಲ್. ಸರಾಸರಿ 330. ಆ ದರದ ಮೀನೇ ಪಟ್ಟಿಯಲ್ಲಿ ಇಲ್ಲ, ಹತ್ತಿರದ್ದೂ ಇಲ್ಲ! ಮಧ್ಯಾಂಕ, ಅಂದರೆ ಸಾಲಿನ ನಡುವಿನ ದರ, 200. ಬಂಗುಡೆಯಂಥ ಅಗ್ಗದ ಮೀನು ಕೊಳ್ಳುವವರಿಗೆ ಅದೇ ಸರಿ. ಮಾನಕ ವಿಚಲನೆ (ದರಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕೇಳಿದ್ದರೆ ವರ್ಗ ಮಾಡುವ ಮೊದಲು ವಿಚಲನೆಗಳನ್ನು, ಅಂದರೆ ಪ್ರತಿ ದರದಿಂದ ಸರಾಸರಿ ಕಳೆದು ಬಂದದ್ದನ್ನು, ಕೂಡಿಸಿ ನೋಡಲಿ: −180, −150, −130, −110, +570. ಮೊತ್ತ ಸೊನ್ನೆ. ಸೊನ್ನೆ ಬರದಿದ್ದರೆ ಸರಾಸರಿಯೋ ಕಳೆಯುವುದೋ ಎಲ್ಲೋ ತಪ್ಪಿದೆ, ಮುಂದಿನ ಕಾಲಂ ತುಂಬಿಸಿ ಪ್ರಯೋಜನ ಇಲ್ಲ.