ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೆಸಿಸ್ಟೆನ್ಸ್ ಮತ್ತು ಪವರ್ ಕಂಡುಹಿಡಿಯುವುದು ಹೇಗೆ?

ಒಂದು ಭಾಗಾಕಾರ, ಒಂದು ಗುಣಾಕಾರ, ಅಷ್ಟೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಬರುತ್ತದೆ, ಓಮ್‌ಗಳಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್‌ಗಳಲ್ಲಿ.

ಒಂದು ಹೀಟರ್ ಕಾಯಿಲ್‌ಗೆ 12 ವೋಲ್ಟ್ ಕೊಟ್ಟಾಗ 2 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. 12 ÷ 2 = 6 ಓಮ್. 12 × 2 = 24 ವ್ಯಾಟ್.

ಈಗ ಅದೇ ಕಾಯಿಲ್‌ಗೆ 6 ವೋಲ್ಟ್ ಮಾತ್ರ ಕೊಡಿ. ಪವರ್ ಅರ್ಧಕ್ಕೆ ಇಳಿಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ಇಲ್ಲ. ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕರೆಂಟ್ ಕೂಡ ಅರ್ಧವಾಗಿ 1 ಆಂಪಿಯರ್ ಆಗುತ್ತದೆ. ಹಾಗಾಗಿ ಪವರ್ 6 × 1 = 6 ವ್ಯಾಟ್, ಅಂದರೆ ಕಾಲು ಭಾಗ! ಇಡೀ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಜಾಸ್ತಿ ಜನ ಎಡವುವುದು ಮಿಲಿಆಂಪಿಯರ್‌ನಲ್ಲಿ. 5 ವೋಲ್ಟ್, 20 ಮಿಲಿಆಂಪಿಯರ್ ಇದ್ದರೆ ಸುಮ್ನೆ 5 ÷ 20 ಮಾಡಬೇಡಿ. ಮೊದಲು 20ನ್ನು 1000ದಿಂದ ಭಾಗಿಸಿ 0.02 ಆಂಪಿಯರ್ ಮಾಡಿಕೊಳ್ಳಿ. ಆಗ 250 ಓಮ್, 0.1 ವ್ಯಾಟ್ ಎಂಬ ಸರಿಯಾದ ಉತ್ತರ ಸಿಗುತ್ತದೆ.

ಫಿಲಮೆಂಟ್ ಬಲ್ಬ್ ಆದರೆ ಇನ್ನೊಂದು ವಿಷಯ ನೆನಪಿಡಿ. ಆರಿದ್ದಾಗ ಮೀಟರ್‌ನಲ್ಲಿ ಅಳೆದ ರೆಸಿಸ್ಟೆನ್ಸ್ ಈ ಲೆಕ್ಕಕ್ಕೆ ಹೊಂದುವುದಿಲ್ಲ, ಬಹಳ ಕಡಿಮೆ ತೋರಿಸುತ್ತದೆ. ತಂತಿ ಕಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. ನಿಮ್ಮ ಮೀಟರ್ ಕೆಟ್ಟಿಲ್ಲ. ಎಸಿ ಕರೆಂಟಿನಲ್ಲಿ (ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಓಡುವ ಮೋಟಾರಿಗೆ ಮಾತ್ರ ಈ ಎರಡು ಸೂತ್ರ ಸಾಲದು, ಅಲ್ಲಿ ಪವರ್ ಲೆಕ್ಕಕ್ಕೆ ಪವರ್ ಫ್ಯಾಕ್ಟರನ್ನೂ (ವೋಲ್ಟೇಜ್ × ಕರೆಂಟ್‌ನಲ್ಲಿ ಎಷ್ಟು ಪಾಲು ನಿಜವಾದ ಪವರ್ ಎಂದು ಹೇಳುವ ಸಂಖ್ಯೆ) ಗುಣಿಸಬೇಕು.