ಹಂಗಾಮಿ ಕೋಚ್ ಕುರಿತ ನಿಮ್ಮ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇನೆ

ಪ್ರಿಯ ಮಿತ್ರರೇ,

ನಮಸ್ಕಾರ. ನೀವು ಕಾಸರಗೋಡಿನ ಉಪ್ಪಳದಿಂದ ಕಳುಹಿಸಿದ ‘ಆ ಹುಡುಗನಿಗೇ ಕುರ್ಚಿ ಕೊಡಬೇಕಿತ್ತು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಿಮ್ಮ ಒಂಬತ್ತು ಪುಟಗಳಲ್ಲಿ ಏಳನೆಯದರ ಕೊನೆಗೆ ಆರು ಸಾಲುಗಳಿವೆ. ಅವನ್ನು ಬರೆದವರಿಗೆ ಬರೆಯಲು ಬರುತ್ತದೆ. ಆ ಆರು ಸಾಲಿಗಾಗಿ ಈ ಪತ್ರ.

ನಿಮ್ಮ ವಾದ ನನಗೆ ಅರ್ಥವಾದದ್ದು ಹೀಗೆ. 2021ರ ಏಪ್ರಿಲ್ 19ರಂದು ಲಂಡನ್ನಿನ ಟಾಟೆನ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ ತನ್ನ ಕೋಚ್ ಜೋಸೆ ಮೊರಿನ್ಯೊ ಅವರನ್ನು ತೆಗೆದುಹಾಕಿ, ಋತು ಮುಗಿಯುವವರೆಗೆ ತಂಡವನ್ನು ನೋಡಿಕೊಳ್ಳಲು ರಯಾನ್ ಮೇಸನ್ ಅವರಿಗೆ ಹೇಳಿತು. ಅವರಿಗೆ ಆಗ 29 ವರ್ಷ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿನ ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಹೇಳುವ ಹೆಸರು) ಅದುವರೆಗೆ ಇರಲಿಲ್ಲ. ಋತು ಮುಗಿದ ಮೇಲೆ ಕ್ಲಬ್ ಅವರನ್ನು ಕಾಯಂ ಮಾಡದೆ ಹೊರಗಿನಿಂದ ನುನೊ ಎಸ್ಪಿರಿಟೊ ಸಾಂಟೊ ಅವರನ್ನು ಕರೆತಂದಿತು. ನುನೊ ನಾಲ್ಕು ತಿಂಗಳಲ್ಲಿ ಮನೆಗೆ ಹೋದರು. ಆದ್ದರಿಂದ ಮೇಸನ್‌ಗೆ ಅನ್ಯಾಯವಾಯಿತು, ಯುವಕರನ್ನು ನಂಬದವರಿಗೆ ತಕ್ಕ ಶಾಸ್ತಿಯಾಯಿತು ಎಂದು ನೀವು ಬರೆದಿದ್ದೀರಿ.

ಮೊದಲಿಗೆ ಚಿಕ್ಕ ವಿಷಯ. ನಿಮ್ಮ ಮೊದಲ ಎರಡು ಪುಟ ಫುಟ್‌ಬಾಲ್ ಎಂದರೇನು, ಅದು ಜಗತ್ತಿನಲ್ಲಿ ಎಷ್ಟು ಜನಪ್ರಿಯ ಎಂಬುದಕ್ಕೆ ಖರ್ಚಾಗಿವೆ. ಮೊಗ್ರಾಲಿನಿಂದ ತ್ರಿಕರಿಪುರದವರೆಗೆ ಈ ಪತ್ರಿಕೆಯನ್ನು ಓದುವವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮುಹಮ್ಮದ್ ರಾಫಿ ತ್ರಿಕರಿಪುರದವರು. ಕೊಯ್ಲು ಮುಗಿದ ಗದ್ದೆಯಲ್ಲಿ ದೀಪ ಹಾಕಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಆಡುವ ಊರು ನಮ್ಮದು. ಆ ಎರಡು ಪುಟಗಳನ್ನು ಹೊಡೆದುಹಾಕಿ. ಮೊರಿನ್ಯೊ ಹೊರಹೋದ ಆ ಸೋಮವಾರದಿಂದಲೇ ಆರಂಭಿಸಿ.

ಇನ್ನು ವಾದಕ್ಕೆ ಬರುತ್ತೇನೆ. ಮೇಸನ್ ಅವರ ಏಳು ಪಂದ್ಯಗಳಲ್ಲಿ ನಾಲ್ಕು ಗೆಲುವು ಎಂದು ಬರೆದಿದ್ದೀರಿ, ಸರಿ. ಉಳಿದ ಮೂರೂ ಸೋಲು ಎಂದು ಬರೆದಿಲ್ಲ. ಅವುಗಳಲ್ಲಿ ಒಂದು, ನೇಮಕವಾದ ಆರನೆಯ ದಿನ ವೆಂಬ್ಲಿಯಲ್ಲಿ ನಡೆದ ಲೀಗ್ ಕಪ್ ಫೈನಲ್. ಮ್ಯಾಂಚೆಸ್ಟರ್ ಸಿಟಿ ಎದುರು 1-0ರ ಸೋಲಿಗೆ ಅವರನ್ನು ದೂರಲಾಗದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮೊರಿನ್ಯೊ ಹೊರಹೋದ ದಿನ ತಂಡ ಏಳನೆಯ ಸ್ಥಾನದಲ್ಲಿತ್ತು, ಋತು ಮುಗಿದಾಗಲೂ ಏಳನೆಯ ಸ್ಥಾನದಲ್ಲೇ ಇತ್ತು. ನಿಮ್ಮ ಲೇಖನದಲ್ಲಿ ಈ ಮಾತು ಎಲ್ಲಿಯೂ ಇಲ್ಲ. ಇದನ್ನು ಓದುಗ ಬೇರೆಲ್ಲೋ ಓದಿದರೆ ನಿಮ್ಮ ಮೇಲಿನ ವಿಶ್ವಾಸ ಹೋಗುತ್ತದೆ. ಅದನ್ನು ನೀವೇ ಹೇಳಿಬಿಟ್ಟು, ಆ ಮೇಲೂ ಮೇಸನ್ ಅರ್ಹರು ಎಂದು ವಾದಿಸಿದರೆ ಆತ ನಿಮ್ಮ ಜೊತೆ ಒಂದು ಹೆಜ್ಜೆ ಹೆಚ್ಚಿಗೆ ಬರುತ್ತಾನೆ.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. 2023ರ ಏಪ್ರಿಲ್‌ನಲ್ಲಿ ಅದೇ ಕ್ಲಬ್ ಅದೇ ಮೇಸನ್ ಅವರಿಗೆ ಎರಡನೆಯ ಬಾರಿ ತಂಡವನ್ನು ಒಪ್ಪಿಸಿತು. ಆರು ಪಂದ್ಯ, ಎರಡು ಗೆಲುವು, ಒಂದು ಡ್ರಾ, ಮೂರು ಸೋಲು, ಎಂಟನೆಯ ಸ್ಥಾನ. ನೀವು 2021ರಲ್ಲಿ ಕಥೆ ನಿಲ್ಲಿಸಿಬಿಟ್ಟಿದ್ದೀರಿ. ತಿಳಿಯದೆ ಬಿಟ್ಟಿದ್ದರೆ ಓದು ಸಾಲದು. ತಿಳಿದೂ ಬಿಟ್ಟಿದ್ದರೆ ಅದು ಓದುಗನಿಗೆ ಮಾಡಿದ ಮೋಸ. ನಿಮ್ಮ ಬಗ್ಗೆ ಮೊದಲನೆಯದನ್ನೇ ನಂಬುತ್ತೇನೆ.

ನುನೊ ಸೋತರು, ಆದ್ದರಿಂದ ಮೇಸನ್ ಗೆಲ್ಲುತ್ತಿದ್ದರು ಎಂಬುದು ತರ್ಕವಲ್ಲ. ನೆರೆಮನೆಯವರ ಬಾವಿ ಬತ್ತಿದರೆ ನಮ್ಮ ಬಾವಿಯಲ್ಲಿ ನೀರಿದೆ ಎಂದು ಅರ್ಥವಾಗುವುದಿಲ್ಲ. ಅಗೆದು ನೋಡಬೇಕು. ಮೇಸನ್ ಅವರ ವಿಷಯದಲ್ಲಿ ಅಗೆಯುವುದೆಂದರೆ ಅವರು ತಂಡದಲ್ಲಿ ಏನನ್ನು ಬದಲಿಸಿದರು, ಯಾರನ್ನು ಆಡಿಸಿದರು, ಯಾರನ್ನು ಕೈಬಿಟ್ಟರು ಎಂದು ಪಂದ್ಯ ಪಂದ್ಯವಾಗಿ ನೋಡುವುದು. ಷೆಫೀಲ್ಡ್ ಯುನೈಟೆಡ್ ವಿರುದ್ಧ 4-0ರಿಂದ ಗೆದ್ದಾಗ ಗ್ಯಾರೆತ್ ಬೇಲ್ ಮೂರು ಗೋಲು ಹೊಡೆದರು, ಕೊನೆಯ ದಿನ ಲೆಸ್ಟರ್ ಎದುರು ಬದಲಿ ಆಟಗಾರನಾಗಿ ಬಂದು ಎರಡು. ಬೇಲ್ ಅವರನ್ನು ಹೀಗೆ ಬಳಸಿಕೊಂಡದ್ದರಲ್ಲಿ ಮೇಸನ್ ಅವರ ಸ್ವಂತ ತೀರ್ಮಾನ ಕಾಣುತ್ತದೆ ಎಂದು ನೀವು ವಾದಿಸಬಹುದಿತ್ತು. ನಿಮ್ಮ ಪಕ್ಷಕ್ಕೆ ಸಿಕ್ಕುವ ಅತ್ಯಂತ ಬಲವಾದ ಸಾಕ್ಷಿ ಅದು. ಅದನ್ನು ಮುಟ್ಟದೆ ಒಂದೂವರೆ ಪುಟ ಅವರ ತಲೆಬುರುಡೆಯ ಗಾಯಕ್ಕೆ ಕೊಟ್ಟಿದ್ದೀರಿ. 2017ರ ಜನವರಿಯಲ್ಲಿ ತಲೆಗೆ ಪೆಟ್ಟಾಯಿತು, ಮರುವರ್ಷ 26ರ ವಯಸ್ಸಿನಲ್ಲಿ ಆಟ ನಿಲ್ಲಿಸಬೇಕಾಯಿತು. ಓದಿದವರ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೆ ಆ ಸಂಕಟ ಮ್ಯಾನೇಜರ್ ಹುದ್ದೆಗೆ ಅರ್ಹತೆಯಲ್ಲ. ಅದಕ್ಕೆ ಎರಡು ವಾಕ್ಯ ಸಾಕು.

ಹಂಗಾಮಿ ಕೋಚ್ ಬಂದ ಕೂಡಲೇ ತಂಡ ಏಕೆ ಗೆಲ್ಲತೊಡಗುತ್ತದೆ ಎಂದು ನೀವು ಒಮ್ಮೆಯೂ ಕೇಳಿಕೊಂಡಿಲ್ಲ. ಕ್ಲಬ್‌ಗಳು ಕೋಚ್‌ನನ್ನು ತೆಗೆಯುವುದು ತಂಡ ನೆಲಕಚ್ಚಿದಾಗ. ಆ ಆಟಗಾರರ ಯೋಗ್ಯತೆಗಿಂತ ಕೆಳಗೆ ತಂಡ ಬಿದ್ದಿರುತ್ತದೆ, ಯಾರು ಬಂದರೂ ಸ್ವಲ್ಪ ಮೇಲೇಳುತ್ತದೆ. ಜ್ವರ ನೆತ್ತಿಗೇರಿದ ರಾತ್ರಿ ಕಷಾಯ ಕುಡಿದವನು ಬೆಳಿಗ್ಗೆ ಬೆವತರೆ ಅದನ್ನು ಕಷಾಯದ ಗುಣ ಎನ್ನುತ್ತಾನೆ. ಇರಬಹುದು, ಜ್ವರ ತಾನಾಗಿ ಇಳಿಯುವ ಹೊತ್ತೂ ಅದೇ ಆಗಿರಬಹುದು. ಇದರ ಜೊತೆಗೆ, ಹಳೆಯ ಕೋಚ್ ಹೊರಗೆ ಕೂರಿಸಿದ್ದವರಿಗೆ ಹೊಸ ಆಸೆ ಹುಟ್ಟುತ್ತದೆ, ಅವರು ಎರಡು ಪಟ್ಟು ಓಡುತ್ತಾರೆ. ಹಂಗಾಮಿಯವನ ಮೇಲೆ ಯಾರಿಗೂ ಮುನಿಸಿರುವುದಿಲ್ಲ, ಆತ ಇನ್ನೂ ಯಾರ ಆಸೆಯನ್ನೂ ಮುರಿದಿರುವುದಿಲ್ಲ. ಕಾಯಂ ಆದ ದಿನದಿಂದ ಮುರಿಯಬೇಕಾಗುತ್ತದೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಉದಾಹರಣೆಯನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ನಿಂತು ನೋಡಬೇಕಿತ್ತು. ಓಲೆ ಗುನ್ನರ್ ಸೋಲ್‌ಷೇರ್ 2018ರ ಡಿಸೆಂಬರ್‌ನಲ್ಲಿ ಹಂಗಾಮಿಯಾಗಿ ಬಂದರು, 19 ಪಂದ್ಯಗಳಲ್ಲಿ 14 ಗೆದ್ದರು, ಪ್ಯಾರಿಸ್‌ಗೆ ಹೋಗಿ ಅಲ್ಲಿನ ಪಿಎಸ್‌ಜಿ ಕ್ಲಬ್ಬನ್ನು ಸೋಲಿಸಿ ಬಂದರು. 2019ರ ಮಾರ್ಚ್ 28ರಂದು ಕ್ಲಬ್ ಅವರಿಗೆ ಮೂರು ವರ್ಷದ ಒಪ್ಪಂದ ಕೊಟ್ಟಿತು. ಗಮನಿಸಿ, ಅದಕ್ಕೆ ಮುಂಚಿನ ಎರಡು ಪಂದ್ಯಗಳನ್ನು, ಆರ್ಸೆನಲ್ ಮತ್ತು ವುಲ್ವ್ಸ್ ಎದುರು, ಆಗಲೇ ಸೋತಿದ್ದರು. ಇಳಿತ ಶುರುವಾಗಿತ್ತು, ಸಂಭ್ರಮದಲ್ಲಿದ್ದವರಿಗೆ ಕಾಣಲಿಲ್ಲ. ಒಪ್ಪಂದದ ನಂತರ ಆ ಋತುವಿನ ಎಂಟು ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಎರಡು. ಆದರೆ ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಮುಂದಿನ ಎರಡು ಋತುಗಳಲ್ಲಿ ಅವರು ತಂಡವನ್ನು ಮೂರನೆಯ, ಆಮೇಲೆ ಎರಡನೆಯ ಸ್ಥಾನಕ್ಕೆ ತಂದರು. 2021ರ ನವೆಂಬರ್‌ನಲ್ಲಿ ಅವರನ್ನು ಕಳುಹಿಸಲಾಯಿತು. ಈ ಮನುಷ್ಯನನ್ನು ಕಾಯಂ ಮಾಡಿದ್ದು ಸರಿಯೋ ತಪ್ಪೋ? ನಿಮ್ಮ ಹಾಗೆ ಒಂದು ಗೆರೆ ಎಳೆದು ಹೇಳಲು ನನಗೆ ಆಗುವುದಿಲ್ಲ, ಅದಕ್ಕಾಗಿಯೇ ಇದು ಒಂದು ಒಳ್ಳೆಯ ಲೇಖನಕ್ಕೆ ತಕ್ಕ ವಸ್ತು.

ಯೂಲಿಯಾನ್ ನಾಗೆಲ್ಸ್‌ಮನ್ ಅವರ ಹೆಸರನ್ನು ನೀವು ನಿಮ್ಮ ಪಕ್ಷದ ಸಾಕ್ಷಿಯಾಗಿ ಕರೆದಿದ್ದೀರಿ. ಅವರು 2016ರ ಫೆಬ್ರವರಿಯಲ್ಲಿ, 28ರ ವಯಸ್ಸಿನಲ್ಲಿ ಜರ್ಮನಿಯ ಹೊಫೆನ್‌ಹೈಮ್ ತಂಡವನ್ನು ವಹಿಸಿಕೊಂಡದ್ದು ನಿಜ. ಕೊನೆಯಿಂದ ಎರಡನೆಯ ಸ್ಥಾನದಲ್ಲಿದ್ದ ತಂಡವನ್ನು ಉಳಿಸಿದ್ದೂ ನಿಜ. ಆದರೆ ಅವರು ಹಂಗಾಮಿಯಾಗಿ ಬಂದು ಗೆದ್ದು ಕಾಯಂ ಆದವರಲ್ಲ. ಆ ಬೇಸಿಗೆಯಿಂದ ಅವರೇ ಕೋಚ್ ಎಂದು ಕ್ಲಬ್ ಮೊದಲೇ ತೀರ್ಮಾನಿಸಿತ್ತು. ಹಿಂದಿನ ಕೋಚ್ ಹ್ಯೂಬ್ ಸ್ಟೀವನ್ಸ್ ಹೃದಯದ ತೊಂದರೆಯಿಂದ ಬಿಟ್ಟುಹೋದದ್ದರಿಂದ ಕೆಲವು ತಿಂಗಳು ಬೇಗ ಕೆಲಸ ಬಂತು, ಅಷ್ಟೆ. ಅದೇ ಕ್ಲಬ್‌ನ 19 ವರ್ಷದೊಳಗಿನವರ ತಂಡವನ್ನು ಅವರು 2014ರಲ್ಲಿ ಜರ್ಮನಿಯ ಚಾಂಪಿಯನ್ ಮಾಡಿದ್ದರು. ಅವರ ಕೆಲಸವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದವರು ಅವರನ್ನು ಆರಿಸಿದರು. ನನ್ನ ಮಟ್ಟಿಗೆ ಇಡೀ ಪ್ರಶ್ನೆಗೆ ಉತ್ತರ ಇಲ್ಲಿದೆ. ಆರು ವಾರಗಳ ಫಲಿತಾಂಶ ನೋಡಿ ಯಾರನ್ನೂ ಕಾಯಂ ಮಾಡಬಾರದು, ಆರು ವಾರಗಳ ಫಲಿತಾಂಶ ನೋಡಿ ಯಾರನ್ನೂ ಕೈಬಿಡಲೂ ಬಾರದು. ವಯಸ್ಸು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಇಂಗ್ಲೆಂಡ್, ಜರ್ಮನಿಗಳವರೆಗೆ ಹೋದ ನೀವು ಕಲ್ಲಿಕೋಟೆಗೆ ಹೋಗಲಿಲ್ಲ ಎಂಬುದು ನನಗೆ ಬೇಸರ ತಂದಿತು. 2023ರ ಏಪ್ರಿಲ್ 25ರಂದು ಅಲ್ಲಿನ ಇಎಂಎಸ್ ಕ್ರೀಡಾಂಗಣದಲ್ಲಿ ಸೂಪರ್ ಕಪ್ ಫೈನಲ್ ನಡೆಯಿತು. ಒಡಿಶಾ ಎಫ್‌ಸಿ ನಮ್ಮ ಬೆಂಗಳೂರು ಎಫ್‌ಸಿಯನ್ನು 2-1ರಿಂದ ಸೋಲಿಸಿತು. ಅದು ಒಡಿಶಾ ಕ್ಲಬ್‌ನ ಮೊದಲ ಪ್ರಶಸ್ತಿ. ಅಂದು ಆ ತಂಡದ ಅಂಚಿನಲ್ಲಿ ನಿಂತಿದ್ದವರು ಗೋವಾದ ಕ್ಲಿಫರ್ಡ್ ಮಿರಾಂಡಾ, ಹಂಗಾಮಿ ಕೋಚ್. ಕಪ್ ಗೆದ್ದ ಮೇಲೂ ಕಾಯಂ ಕೆಲಸ ಸ್ಪೇನಿನ ಸೆರ್ಜಿಯೊ ಲೊಬೇರಾ ಅವರಿಗೆ ಹೋಯಿತು. ನಮ್ಮ ರೈಲು ಹಳಿಯ ಮೇಲೆ ಕೆಲವೇ ಗಂಟೆಗಳ ದೂರದಲ್ಲಿ ನಡೆದದ್ದು ಇದು. ಇದನ್ನು ಖಾಲಿದ್ ಜಮೀಲ್ ಅವರ ಕಥೆಯ ಪಕ್ಕದಲ್ಲಿ ಇಡಿ. 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಹಂಗಾಮಿಯಾಗಿ ವಹಿಸಿಕೊಂಡು ಸೆಮಿಫೈನಲ್‌ಗೆ ಒಯ್ದರು, ಕಾಯಂ ಆದರು, ಮುಂದಿನ ಋತುವಿನಲ್ಲಿ ತಂಡ ಹನ್ನೊಂದರಲ್ಲಿ ಹತ್ತನೆಯದಾಯಿತು. ಅಲ್ಲಿಗೆ ಅವರು ಮುಗಿದುಹೋಗಲಿಲ್ಲ, 2025ರಲ್ಲಿ ಭಾರತ ತಂಡದ ಕೋಚ್ ಆದರು. ಭಾರತದ ಕ್ಲಬ್‌ಗಳಲ್ಲಿ ಹಂಗಾಮಿ ಎಂಬ ಮಾತಿಗೆ ‘ವಿದೇಶಿ ಬರುವವರೆಗೆ’ ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಅದರ ಬಗ್ಗೆ ನೀವು ಬರೆದರೆ ನಾನು ಪುಟ ತೆರವು ಮಾಡಿಕೊಡುತ್ತೇನೆ.

ಭಾಷೆಯ ಬಗ್ಗೆ ಒಂದು ಮಾತು. ‘ಮೊರಿನ್ಯೊ ಡ್ರೆಸಿಂಗ್ ರೂಮನ್ನು ಕಳೆದುಕೊಂಡಿದ್ದರು’ ಎಂದು ಬರೆದಿದ್ದೀರಿ. ಕೋಣೆಯನ್ನು ಕಳೆದುಕೊಳ್ಳುವುದು ಹೇಗೆ? ಆಟಗಾರರು ಅವರ ಮಾತಿಗೆ ಬೆಲೆ ಕೊಡುವುದನ್ನು ಬಿಟ್ಟಿದ್ದರು ಎಂದು ಬರೆಯಿರಿ. ‘ಕ್ಲಬ್ ಅವರ ಡಿಎನ್‌ಎಯಲ್ಲಿತ್ತು’ ಎಂಬುದೂ ಟಿವಿ ವಿವರಣೆಕಾರರ ಬಾಯಿಯಿಂದ ಎತ್ತಿಕೊಂಡದ್ದು. ಮೇಸನ್ ಬಾಲ್ಯದಿಂದ ಅದೇ ಕ್ಲಬ್‌ನಲ್ಲಿ ಬೆಳೆದವರು ಎಂದರೆ ಹೆಚ್ಚು ತಿಳಿಯುತ್ತದೆ. ನಿಮ್ಮ ಕನ್ನಡದಲ್ಲಿ ಅಲ್ಲಲ್ಲಿ ಮಲಯಾಳದ ಜಾಡು, ತುಳುವಿನ ಪದ ಕಾಣಿಸುತ್ತದೆ. ಅವನ್ನು ನಾನು ತಿದ್ದುವುದಿಲ್ಲ. ಅದು ನಮ್ಮ ನೆಲದ ಕನ್ನಡ.

ಈಗ ನಿಮ್ಮ ಪತ್ರದ ಬಗ್ಗೆ. ಲೇಖನದ ಜೊತೆಗಿಟ್ಟ ಪುಟ್ಟ ಪತ್ರದಲ್ಲಿ ನೀವು ನಾಲ್ಕು ವರ್ಷಗಳಿಂದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ದಿನವೇತನದ ಅಧ್ಯಾಪಕರಾಗಿರುವುದಾಗಿಯೂ, ಪ್ರತಿ ಜೂನ್‌ನಲ್ಲಿ ಮತ್ತೆ ಸಂದರ್ಶನಕ್ಕೆ ಕೂರಬೇಕೆಂದೂ, ಪಿಎಸ್‌ಸಿ (ಲೋಕಸೇವಾ ಆಯೋಗ) ಪಟ್ಟಿಗಾಗಿ ಕಾಯುತ್ತಿರುವುದಾಗಿಯೂ ಹೇಳಿದ್ದೀರಿ. ಅದನ್ನು ಓದಿದ ಮೇಲೆ ಲೇಖನದಲ್ಲಿ ಸಿಟ್ಟು ಏಕೆ ಅಷ್ಟು ಬಿಸಿಯಾಗಿದೆ ಎಂದು ಅರ್ಥವಾಯಿತು. ನೀವು ಮೇಸನ್ ಅವರ ಹೆಸರಿನಲ್ಲಿ ನಿಮ್ಮ ಅಹವಾಲನ್ನು ಬರೆದಿದ್ದೀರಿ. ಆ ಅಹವಾಲು ನ್ಯಾಯವಾದದ್ದು. ಕೆಲಸ ಚೆನ್ನಾಗಿ ಮಾಡಿಯೂ ಪ್ರತಿ ವರ್ಷ ಹೊಸಬನಾಗಿ ಬಾಗಿಲಲ್ಲಿ ನಿಲ್ಲುವುದು ಎಂತಹ ಕಷ್ಟ ಎಂದು ಗಡಿಯ ಈ ಬದಿಯಲ್ಲಿರುವ ನಮಗೆಲ್ಲ ಗೊತ್ತು. ಆದರೆ ನಿಮ್ಮ ನೋವು ಮೇಸನ್ ಅವರ ಏಳು ಪಂದ್ಯಗಳ ಲೆಕ್ಕವನ್ನು ತಿದ್ದಬಾರದು. ಒಂದೋ ನೋವನ್ನು ನೇರವಾಗಿ ಲೇಖನದೊಳಗೆ ತನ್ನಿ, ‘ನಾನೂ ಹಂಗಾಮಿ’ ಎಂದು ಬರೆಯಿರಿ, ಅದು ಧೈರ್ಯದ ವಾಕ್ಯ. ಇಲ್ಲವೇ ಅದನ್ನು ಬೇರೆ ಬರಹಕ್ಕೆ ಇಟ್ಟುಕೊಳ್ಳಿ.

ಕೊನೆಗೆ ಆ ಆರು ಸಾಲುಗಳು. ನಿಮ್ಮ ಊರಿನ ಸೆವೆನ್ಸ್ ತಂಡದ ಹಿರಿಯ ಕೋಚ್ ಪಂದ್ಯಾಟಕ್ಕೆ ಮೂರು ದಿನ ಇರುವಾಗ ಜಗಳವಾಡಿ ಬಿಟ್ಟುಹೋದರು. 23 ವರ್ಷದ ಬದಲಿ ಗೋಲ್‌ಕೀಪರ್ ತಂಡವನ್ನು ವಹಿಸಿಕೊಂಡ. ಮೊದಲ ಪಂದ್ಯ ಗೆದ್ದರು. ಎರಡನೆಯ ಪಂದ್ಯಕ್ಕೆ ಆತ ತನ್ನ ಸ್ವಂತ ಅಣ್ಣನನ್ನೇ ಹೊರಗೆ ಕೂರಿಸಿದ. ‘ಗದ್ದೆಯ ಬದುವಿನಲ್ಲಿ ಅಣ್ಣ ಬೂಟು ಬಿಚ್ಚದೆ ಕುಳಿತಿದ್ದ’ ಎಂದು ನೀವು ಬರೆದಿದ್ದೀರಿ. ಒಂಬತ್ತು ಪುಟಗಳಲ್ಲಿ ನನ್ನ ಕಣ್ಣ ಮುಂದೆ ನಿಂತ ಒಂದೇ ಮನುಷ್ಯ ಆತ. ಅದರ ಮರುಸಾಲಿಗೇ ನೀವು ಲಂಡನ್ನಿಗೆ ಹಾರಿಬಿಟ್ಟಿರಿ.

ಆ ಪಂದ್ಯ ಏನಾಯಿತು? ಅಣ್ಣ ತಮ್ಮ ಒಂದೇ ಬೈಕಿನಲ್ಲಿ ಮನೆಗೆ ಹೋದರೇ? ಮುಂದಿನ ವರ್ಷ ತಂಡ ಆ ಹುಡುಗನ ಕೈಯಲ್ಲೇ ಉಳಿಯಿತೇ, ಹಿರಿಯರು ಮರಳಿ ಬಂದರೇ? ನಿಮಗೆ ಗೊತ್ತಿರಬೇಕು, ನೀವು ಅಲ್ಲಿದ್ದಿರಿ. ಇಲ್ಲಿಂದ ಶುರುಮಾಡಿ, ಮೇಸನ್ ಅವರನ್ನೂ ಕ್ಲಿಫರ್ಡ್ ಅವರನ್ನೂ ಈ ಗದ್ದೆಗೆ ಕರೆದುಕೊಂಡು ಬನ್ನಿ. ನಾಲ್ಕು ಪುಟ ಮೀರದಿರಲಿ. ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಕೈಸೇರಿದರೆ ಬೇಸಿಗೆಯ ಪಂದ್ಯಾಟಗಳು ಮುಗಿಯುವ ಮೊದಲೇ ಅಚ್ಚಾಗುತ್ತದೆ.

ನಿಮ್ಮ,
ಸಂಪಾದಕ